ಕರೆಂಟು ಹೋದ್ರೆ ಸೋಲಾರೂ ಹೋಗತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರ, ಮೆಸೇಜುಗಳಲ್ಲಿ ಹೆಚ್ಚಿನವು ಸೋಲಾರ್ ಬಗ್ಗೆನೇ. ತೀರ್ಥಹಳ್ಳಿ, ಸಾಗರ, ಹೊಸನಗರ, ಶಿವಮೊಗ್ಗ ಪೇಟೆ, ಎಲ್ಲಾ ಕಡೆಯಿಂದ ಬಂದಿದೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರೀತಿದೀನಿ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ: ಚಿತ್ರದುರ್ಗ, ಬಳ್ಳಾರಿ ಕಡೆ ಸರಿಹೋಗೋ ಲೆಕ್ಕ ನಮ್ಮ ಘಟ್ಟದ ಕಡೆ ಹಾಗ್ಹಾಗೇ ನಡೆಯಲ್ಲ. ಇಲ್ಲಿ ಮರ ಜಾಸ್ತಿ, ಮಳೆ ಜಾಸ್ತಿ, ಕರೆಂಟು ಹೋಗೋದೂ ಜಾಸ್ತಿ. ಎಷ್ಟು ಕಿಲೋವ್ಯಾಟ್ ಅನ್ನೋದು ಆಮೇಲಿನ ಮಾತು, ನಿಮಗೆ ಬೇಕಾಗಿರೋದು ಬಿಲ್ ಕಮ್ಮಿ ಆಗೋದಾ ಅಥವಾ ಕತ್ತಲೆ ಹೋಗೋದಾ ಅಂತ ಮೊದ್ಲು ತೀರ್ಮಾನ ಮಾಡ್ಕೊಳಿ.

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ಎರಡು ಮೂರು ದಿನ ಕರೆಂಟ್ ಇರಲ್ಲ. ಒಬ್ರು ಸೋಲಾರ್ ಏಜೆಂಟ್ ಬಂದು 3 ಕಿಲೋವ್ಯಾಟ್ ಹಾಕ್ಸಿ, 78 ಸಾವಿರ ಸಬ್ಸಿಡಿ ಬರತ್ತೆ, ಇನ್ಮೇಲೆ ನಿಮಗೆ ಕರೆಂಟಿನ ಚಿಂತೆ ಇಲ್ಲ ಅಂದ್ರು. ನಂಬಬಹುದಾ?

ಸಬ್ಸಿಡಿ ವಿಷಯ ನಿಜ, ಅದು ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೇದು. ಕರೆಂಟಿನ ಚಿಂತೆ ಇಲ್ಲ ಅನ್ನೋದು ನಿಜ ಅಲ್ಲ. ಅವರು ಹೇಳ್ತಿರೋದು ಆನ್‌ಗ್ರಿಡ್ ಸಿಸ್ಟಮ್, ಅಂದ್ರೆ ಬ್ಯಾಟರಿ ಇಲ್ದೆ ನೇರ ಕರೆಂಟ್ ಲೈನಿಗೇ ಜೋಡ್ಸಿರೋದು ಆಗಿದ್ರೆ, ಮೆಸ್ಕಾಂ ಲೈನಲ್ಲಿ ಕರೆಂಟು ಹೋದ ಕ್ಷಣ ನಿಮ್ಮ ಸೋಲಾರೂ ಬಂದ್ ಆಗತ್ತೆ, ಹೊರಗೆ ಸುಡೋ ಬಿಸಿಲಿದ್ರೂ ಅಷ್ಟೇ, ಒಂದು ಬಲ್ಬೂ ಉರಿಯಲ್ಲ. ಇದು ಮೆಷಿನ್ ಕೆಟ್ಟಿದ್ದಲ್ಲ, ಬೇಕಂತಲೇ ಹಾಗೆ ಮಾಡಿರೋದು. ಲೈನ್‌ಮನ್ ಕಂಬ ಹತ್ತಿ ತಂತಿ ಕಟ್ತಿರುವಾಗ ನಿಮ್ಮ ಮನೆ ಚಾವಣಿಯಿಂದ ಅದೇ ತಂತಿಗೆ ಕರೆಂಟ್ ಹರಿದ್ರೆ ಅವರ ಜೀವಕ್ಕೇ ಅಪಾಯ, ಅದಕ್ಕೆ ಇನ್ವರ್ಟರ್ ಲೈನಲ್ಲಿ ಕರೆಂಟ್ ಇದೆಯಾ ಅಂತ ನೋಡ್ತಾನೇ ಇರತ್ತೆ, ಇಲ್ಲ ಅಂದ ತಕ್ಷಣ ತಾನೂ ನಿಲ್ಸತ್ತೆ. ವೋಲ್ಟೇಜ್ ತೀರಾ ಇಳಿದ್ರೆ, ತೀರಾ ಏರಿದ್ರೆ ಕೂಡ ಕಟ್ ಆಗತ್ತೆ. ಹಳ್ಳಿ ಲೈನಿನ ಕೊನೇ ಮನೆ ನಿಮ್ದಾಗಿದ್ರೆ ಇದು ದಿನಾ ಆಗೋ ಕಥೆ. ಅಂದ್ರೆ ಹಗಲು ನಾಕು ತಾಸು ಕರೆಂಟ್ ಹೋಯ್ತು ಅಂದ್ರೆ ಆ ನಾಕು ತಾಸಿನ ಬಿಸಿಲೂ ದಂಡ.

ನಿಮ್ಮ ತೊಂದ್ರೆ ಬಿಲ್ ಅಲ್ಲ, ಕತ್ತಲೆ. ಅದಕ್ಕೆ ಬ್ಯಾಟರಿ ಬೇಕೇ ಬೇಕು. ಎರಡು ದಾರಿ ಇದೆ. ಒಂದು ಹೈಬ್ರಿಡ್: ಲೈನ್ ಇದ್ದಾಗ ಲೈನಿಗೆ ಕೊಡತ್ತೆ, ಹೋದಾಗ ಲೈನಿಂದ ಬೇರೆ ಆಗಿ ಪ್ಯಾನೆಲ್ಲು, ಬ್ಯಾಟರಿಯಿಂದ ಮನೆಗೆ ಮಾತ್ರ ಕೊಡತ್ತೆ. ಇದಕ್ಕೆ ಪ್ಯಾನೆಲ್ ಲೆಕ್ಕದ ಸಬ್ಸಿಡಿ ಸಿಗತ್ತೆ, ಬ್ಯಾಟರಿಗೆ ಸಿಗಲ್ಲ, ಆ ದುಡ್ಡು ಪೂರ್ತಿ ನಿಮ್ದೇ. ಇನ್ನೊಂದು ಆಫ್‌ಗ್ರಿಡ್, ಲೈನಿಗೆ ಏನೂ ವಾಪಸ್ ಕೊಡಲ್ಲ, ಬರೀ ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್. ಸಬ್ಸಿಡಿ ಇಲ್ಲ, ಆದ್ರೆ ಸಣ್ಣದಾಗಿ ಶುರು ಮಾಡಬಹುದು, ಮೆಸ್ಕಾಂ ಪರ್ಮಿಶನ್, ಮೀಟರ್ ಬದಲಾಯಿಸೋದು ಯಾವ್ದೂ ಬೇಡ.

ನಾನಾದ್ರೆ ಏನ್ ಹೇಳ್ತೀನಿ ಅಂದ್ರೆ, ತಿಂಗಳ ಬಿಲ್ ಸೊನ್ನೆ ಬರ್ತಿರೋ ಮನೆಗೆ ದೊಡ್ಡ ಆನ್‌ಗ್ರಿಡ್ ಬೇಡ. ಲೈಟು, ಫ್ಯಾನು, ಫೋನು, ವೈಫೈ, ಟಿವಿ ಓಡೋವಷ್ಟು ಆಫ್‌ಗ್ರಿಡ್ ಸಾಕು. ಈಗಾಗಲೇ ಮನೇಲಿ ಇನ್ವರ್ಟರ್ ಬ್ಯಾಟರಿ ಇದ್ರೆ ಎರಡು ಪ್ಯಾನೆಲ್ಲು, ಒಂದು ಒಳ್ಳೇ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ಲಿನ ಕರೆಂಟನ್ನ ಆದಷ್ಟು ಪೂರ್ತಿ ಹಿಂಡಿ ಬ್ಯಾಟರಿಗೆ ತುಂಬೋ ಡಬ್ಬಿ) ಹಾಕಿದ್ರೆ ಅದೇ ಸೋಲಾರ್ ಆಗತ್ತೆ, ಇದನ್ನ ಏಜೆಂಟ್ ಯಾಕೋ ಹೇಳೋದೇ ಇಲ್ಲ.

ಪ್ರಶ್ನೆ: ತುಮರಿ ಕಡೆ ಹಿನ್ನೀರಿನ ಊರು ನಮ್ದು. ಸಣ್ಣ ಮನೆ, ದೊಡ್ಡ ಖರ್ಚು ಆಗಲ್ಲ. ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ ಬೇಕು ಅಂತ ನಾವೇ ಲೆಕ್ಕ ಹಾಕೋದು ಹೇಗೆ?

1964ರಲ್ಲಿ ಲಿಂಗನಮಕ್ಕಿ ಡ್ಯಾಮು ಮುಗಿದು ನಿಮ್ಮ ಹಿರಿಯರ ಗದ್ದೆ, ತೋಟ ಮುಳುಗಿ ನಾಡಿಗೆಲ್ಲ ಬೆಳಕಾಯ್ತು. ಆ ಊರಿನೋರೇ ಇವತ್ತು ಕರೆಂಟಿಗೆ ದಾರಿ ಏನು ಅಂತ ಪತ್ರ ಬರೀತೀರಿ ಅಂದ್ರೆ ಓದೋಕೇ ಸಂಕಟ ಆಗತ್ತೆ. ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗೇ ಬರೀತೀನಿ.

ಒಂದು ಹಾಳೆ ತಗೊಂಡು ಏನೇನು ಉರಿಸ್ತೀರಿ, ಎಷ್ಟು ಹೊತ್ತು ಅಂತ ಬರೀರಿ. 9 ವ್ಯಾಟಿನ ಎಲ್ಇಡಿ ಬಲ್ಬು 6, ದಿನಕ್ಕೆ 5 ತಾಸು ಅಂದ್ರೆ 270 ವ್ಯಾಟ್ ಅವರ್. ಬಿಎಲ್‌ಡಿಸಿ ಫ್ಯಾನ್ (ಕಮ್ಮಿ ಕರೆಂಟ್ ಎಳೆಯೋ ಹೊಸ ಥರದ್ದು) ಒಂದು, 30 ವ್ಯಾಟ್, 8 ತಾಸು, 240. ಟಿವಿ 60 ವ್ಯಾಟ್, 3 ತಾಸು, 180. ಫೋನು, ವೈಫೈ ಸೇರಿ ಒಂದು 100. ಎಲ್ಲಾ ಕೂಡಿದ್ರೆ 790, ಸಾವಿರ ವ್ಯಾಟ್ ಅವರ್‌ಗೆ ಒಂದು ಯೂನಿಟ್, ಅಂದ್ರೆ ದಿನಕ್ಕೆ ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಹಳೇ ಫ್ಯಾನ್ ಇದ್ರೆ ಅದೊಂದೇ 75 ವ್ಯಾಟ್ ಎಳೆಯತ್ತೆ, ಹಂಗಾಗಿ ಬ್ಯಾಟರಿ ದೊಡ್ಡದು ತಗೊಳೋದಕ್ಕಿಂತ ಫ್ಯಾನ್ ಬದಲಾಯ್ಸೋದು ಅಗ್ಗ.

ಈಗ ಬ್ಯಾಟರಿ. 12 ವೋಲ್ಟ್ 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್, ಅಂದ್ರೆ ಲೆಡ್ ಆಸಿಡ್ ಬ್ಯಾಟರೀಲಿ ಎರಡೂ ಗುಣಿಸಿದ್ರೆ 1,800 ವ್ಯಾಟ್ ಅವರ್ ಇರತ್ತೆ, ಆದ್ರೆ ಅದನ್ನ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಬೇಗ ಸಾಯತ್ತೆ, ಹಾಗಾಗಿ ಉಪಯೋಗಕ್ಕೆ ಸಿಗೋದು 900. ಇನ್ವರ್ಟರ್ ತಾನೂ ಸ್ವಲ್ಪ ತಿನ್ನೋದ್ರಿಂದ ನಿಮಗೆ ಒಂದು ರಾತ್ರಿಗೆ ಸರಿಹೋಯ್ತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದ್ರೆ 12.8 ವೋಲ್ಟ್ 100 ಎಎಚ್‌ದ್ರಲ್ಲಿ 1,280 ಇದ್ದು ಅದ್ರಲ್ಲಿ ಸಾವಿರದ ಮೇಲೆ ಉಪಯೋಗಿಸಬಹುದು, ನೀರು ಹಾಕೋ ಕೆಲ್ಸ ಇಲ್ಲ, ಒಬ್ರೇ ಎತ್ತಬಹುದು, ಸರಿಯಾಗಿ ನೋಡ್ಕೊಂಡ್ರೆ ಲೆಡ್ ಆಸಿಡ್‌ಗಿಂತ ಎರಡು ಪಟ್ಟು ಮೂರು ಪಟ್ಟು ಬಾಳಿಕೆ ಬರತ್ತೆ. ರೇಟು ಜಾಸ್ತಿ, ಆದ್ರೆ ಬ್ಯಾಟರಿ ಬದಲಾಯಿಸೋಕೆ ಸಾಗರದ ತನಕ ಹೊತ್ಕೊಂಡು ಹೋಗಬೇಕಾದೋರಿಗೆ ಇದೇ ಲಾಭ ಅನ್ಸತ್ತೆ. ಇನ್ವರ್ಟರಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ಅಂತ ಮಾತ್ರ ಕೇಳ್ಕೊಳಿ, ಇಲ್ದಿದ್ರೆ ಚಾರ್ಜಿಂಗ್ ಸರಿ ಆಗಲ್ಲ.

ಪ್ಯಾನೆಲ್ ಬೇಸಿಗೆ ಲೆಕ್ಕಕ್ಕೆ 250 ವ್ಯಾಟ್ ಸಾಕು ಅನ್ಸತ್ತೆ, ಅದನ್ನ ನಂಬಬೇಡಿ. ಮಳೆಗಾಲಕ್ಕೆ ಲೆಕ್ಕ ಹಾಕಿ, 500ರಿಂದ 600 ವ್ಯಾಟ್ ಹಾಕಿ. ಬ್ಯಾಟರಿಗೆ ಹೋಲಿಸಿದ್ರೆ ಪ್ಯಾನೆಲ್ ಇವತ್ತು ಅಗ್ಗ, ಮೋಡದ ದಿನ ಆ ಹೆಚ್ಚಿನ ಪ್ಯಾನೆಲ್ಲೇ ಕಾಯೋದು.

ಮಿಕ್ಸಿ, ಮೋಟ್ರು, ಇಸ್ತ್ರಿ ಪೆಟ್ಟಿಗೆ ಇದಕ್ಕೆ ಹಾಕಬೇಡಿ. 1 ಎಚ್‌ಪಿ ಮೋಟ್ರು ಓಡುವಾಗ 746 ವ್ಯಾಟ್ ಅಂತ ಇದ್ರೂ ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯತ್ತೆ, ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್.

ಪ್ರಶ್ನೆ: ಶಿವಮೊಗ್ಗ ವಿನೋಬನಗರದಲ್ಲಿ ಸ್ವಂತ ಮನೆ, ಆರ್‌ಸಿಸಿ ತಾರಸಿ. ಗೃಹಜ್ಯೋತಿಲಿ ಬಿಲ್ ಸೊನ್ನೆ ಬರ್ತಿದೆ, ಬೇಸಿಗೇಲಿ ಮಾತ್ರ 200 ದಾಟತ್ತೆ. ಮಗ ಸೋಲಾರ್ ಹಾಕ್ಸೋಣ ಅಂತಾನೆ. ಹಾಕ್ಸಬೇಕಾ?

ಈಗಲೇ ಬೇಡ ಅನ್ಸತ್ತೆ. ವರ್ಷದಲ್ಲಿ ಎರಡು ತಿಂಗಳ ಬಿಲ್ ಉಳ್ಸೋಕೆ ಲಕ್ಷಗಟ್ಲೆ ಹಾಕೋದ್ರಲ್ಲಿ ಅರ್ಥ ಇಲ್ಲ. ಎಸಿ ಬರೋದಿದೆ, ಎಲೆಕ್ಟ್ರಿಕ್ ಸ್ಕೂಟರ್ ಅಥ್ವಾ ಕಾರ್ ತಗೊಳೋದಿದೆ, ಮೇಲೊಂದು ಮನೆ ಕಟ್ಸೋದಿದೆ ಅಂದ್ರೆ ಲೆಕ್ಕ ಬೇರೆ.

ಪ್ರತಿ ತಿಂಗಳೂ 250 ಯೂನಿಟ್ ಮೇಲೆ ಸುಡೋ ಮನೆ ತಗೊಳಿ. 200 ದಾಟಿದ್ಮೇಲೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಯೂನಿಟ್‌ಗೆ 6 ರೂಪಾಯಿ ಆಸುಪಾಸು ಅಂದ್ರೂ ತಿಂಗಳಿಗೆ ಸಾವಿರದೈನೂರು. 3 ಕಿಲೋವ್ಯಾಟ್ ಆನ್‌ಗ್ರಿಡ್‌ಗೆ ಒಂದೂವರೆಯಿಂದ ಎರಡು ಲಕ್ಷ ಆಗತ್ತೆ, ಪಿಎಂ ಸೂರ್ಯಘರ್‌ನಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೇದಕ್ಕೆ 18 ಸಾವಿರ, ಒಟ್ಟು 78 ಸಾವಿರ ವಾಪಸ್. ಅದಕ್ಕಿಂತ ದೊಡ್ಡದು ಹಾಕಿದ್ರೂ ಸಬ್ಸಿಡಿ ಅಷ್ಟೇ. ಕೈಯಿಂದ ಹೋಗೋದು ಲಕ್ಷದ ಆಚೀಚೆ, ವರ್ಷಕ್ಕೆ ಉಳಿಯೋದು 18 ಸಾವಿರ, ಅಂದ್ರೆ ಐದಾರು ವರ್ಷಕ್ಕೆ ಅಸಲು ಬಂತು, ಪ್ಯಾನೆಲ್ ಬಾಳೋದು 25 ವರ್ಷ. ಇನ್ವರ್ಟರ್ ಮಾತ್ರ ಅಷ್ಟು ಬಾಳಲ್ಲ, ಮಧ್ಯೆ ಒಂದ್ಸಲ ಬದಲಾಯಿಸೋ ಖರ್ಚು ಇಟ್ಕೊಂಡಿರಿ. ಬಿಲ್ಲಲ್ಲಿ ಬರೋ ಫಿಕ್ಸೆಡ್ ಚಾರ್ಜು ಸೋಲಾರ್ ಹಾಕಿದ್ರೂ ಹೋಗಲ್ಲ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ.

ಜಾಗ 1 ಕಿಲೋವ್ಯಾಟ್‌ಗೆ 100 ಚದರಡಿ ಅಂತ ಇಟ್ಕೊಳಿ. ಮೇಲೆ ಮನೆ ಕಟ್ಸೋ ಯೋಚ್ನೆ ಇದ್ರೆ ಈಗ ಹಾಕಿ ಆಮೇಲೆ ಬಿಚ್ಚೋದು ಬೇಡ.

ಪ್ರಶ್ನೆ: ಸಾಗರ ತಾಲೂಕಿನ ಹಳ್ಳಿ. ಹಂಚಿನ ಮನೆ, ಸುತ್ತ ತೆಂಗು, ಅಡಿಕೆ, ಹಲಸಿನ ಮರ. ಮಾಡಿನ ಮೇಲೆ ಪ್ಯಾನೆಲ್ ಕೂರಿಸಬಹುದಾ? ನೆರಳು ಸ್ವಲ್ಪ ಬಿದ್ರೆ ಏನಾಗತ್ತೆ?

ನೆರಳಿಂದ ಶುರು ಮಾಡ್ತೀನಿ, ಯಾಕಂದ್ರೆ ನಮ್ಮ ಕಡೆ ಸೋಲಾರ್ ಹಾಳಾಗೋದೇ ಇದ್ರಿಂದ. ಪ್ಯಾನೆಲ್ ಒಳಗಿನ ಸೆಲ್‌ಗಳು ಒಂದಕ್ಕೊಂದು ಸಾಲಾಗಿ ಜೋಡಿಸಿರತ್ತೆ, ಪ್ಯಾನೆಲ್‌ಗಳನ್ನೂ ಹಾಗೇ ಜೋಡಿಸ್ತಾರೆ. ಗದ್ದೆ ಕಾಲುವೇಲಿ ಒಂದು ಕಡೆ ಮಣ್ಣು ಕುಸಿದ್ರೆ ಮುಂದಿನ ಗದ್ದೆಗೆಲ್ಲ ನೀರು ಕಮ್ಮಿ ಆಗತ್ತಲ್ಲ, ಹಂಗೆ ಒಂದು ಸೆಲ್ ಮೇಲೆ ನೆರಳು ಬಿದ್ರೆ ಇಡೀ ಸಾಲಿನ ಕರೆಂಟ್ ಇಳಿಯತ್ತೆ. ಅದಕ್ಕೇ ಪ್ಯಾನೆಲ್ ಹಿಂದಿನ ಡಬ್ಬೀಲಿ ಬೈಪಾಸ್ ಡಯೋಡ್ ಅಂತ ಸಾಮಾನ್ಯವಾಗಿ ಮೂರು ಇಟ್ಟಿರ್ತಾರೆ, ನೆರಳು ಬಿದ್ದ ಮೂರನೇ ಒಂದು ಭಾಗವನ್ನ ಬಿಟ್ಟು ಕರೆಂಟ್ ಹರಿಯೋ ಹಾಗೆ. ಆದ್ರೂ ಒಂದು ತೆಂಗಿನ ಗರಿ ನೆರಳಿಗೆ ಒಂದು ಪ್ಯಾನೆಲ್ಲಿನ ಮೂರನೇ ಒಂದು ಪಾಲು ಹೋಯ್ತು ಅಂದ್ರೆ ಯೋಚ್ನೆ ಮಾಡಿ. ಹಾಫ್ ಕಟ್ ಪ್ಯಾನೆಲ್ ಆದ್ರೆ ಮೇಲರ್ಧ ಕೆಳಗರ್ಧ ಬೇರೆ ಬೇರೆ ಇರೋದ್ರಿಂದ ಸ್ವಲ್ಪ ವಾಸಿ.

ಸರ್ವೆಗೆ ಬಂದೋರು ಏಪ್ರಿಲ್ ಮೇನಲ್ಲಿ ಬಂದು ನೋಡಿ, ಬಿಸಿಲು ಜೋರಾಗಿದೆ ಸರ್ ಅಂತ ಹೋಗ್ತಾರೆ. ಆಗ ಸೂರ್ಯ ನೆತ್ತಿ ಮೇಲೇ ಇರ್ತಾನೆ, ನೆರಳು ಮರದ ಬುಡದಲ್ಲೇ ಇರತ್ತೆ. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ಇಳೀತಾನೆ, ಶಿವಮೊಗ್ಗ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿರೋದ್ರಿಂದ ಆಗ ನಡುಮಧ್ಯಾಹ್ನಾನೂ ಅವನು ನೆತ್ತಿಗೆ ಬರಲ್ಲ, 50 ಅಡಿ ಅಡಿಕೆ ಮರದ ನೆರಳು ಮಧ್ಯಾಹ್ನವೇ ಉತ್ತರಕ್ಕೆ 38 ಅಡಿ ಚಾಚತ್ತೆ, ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ 80 ಅಡಿ ಹತ್ರ ಇರತ್ತೆ. ನಮಗೆ ಚೆನ್ನಾಗಿ ಬಿಸಿಲು ಸಿಗೋದೇ ನವೆಂಬರಿಂದ ಮೇ ತನಕ, ಅದ್ರಲ್ಲಿ ಮೊದಲ ಮೂರು ತಿಂಗಳು ತೆಂಕಣ ದಿಕ್ಕಿನ ಮರಗಳೇ ತಿಂದ್ರೆ ಉಳಿಯೋದೇನು. ಹಂಗಾಗಿ ಮನೆಯ ದಕ್ಷಿಣ, ಆಗ್ನೇಯ, ನೈಋತ್ಯದ ಮರಗಳನ್ನ ನೋಡಿ, ಉತ್ತರದ ಮರ ಅಷ್ಟು ತೊಂದ್ರೆ ಇಲ್ಲ.

ಹಾಗಂತ ಹಲಸಿನ ಮರ ಕಡೀರಿ ಅಂತ ನಾನು ಹೇಳಲ್ಲ. ಜಾಗ ಬದಲಾಯಿಸಿ. ನಿಮ್ಮ ಅಜ್ಜನ ಕಾಲದಿಂದ ಅಡಿಕೆ ಒಣಗಿಸ್ತಿರೋ ಅಂಗಳ ಇದೆಯಲ್ಲ, ಅಡಿಕೆ ಕೊಯ್ಲಿನ ಕಾಲದಲ್ಲಿ ಇಡೀ ಮನೇಲಿ ಅತಿ ಹೆಚ್ಚು ಬಿಸಿಲು ಬೀಳೋ ಜಾಗ ಅದೇ, ಅದಕ್ಕೇ ಅವರು ಅಲ್ಲಿ ಹರವಿದ್ದು. ಆ ಅಂಗಳದ ಉತ್ತರ ಅಂಚಿಗೆ ಕಂಬ ನಿಲ್ಸಿ, ತೆಂಕಣಕ್ಕೆ ಮುಖ ಮಾಡಿ ಪ್ಯಾನೆಲ್ ಕೂರ್ಸಿದ್ರೆ ಅಡಿಕೆಗೂ ನೆರಳು ಬೀಳಲ್ಲ, ಒರೆಸೋಕೂ ಕೈಗೆ ಸಿಗತ್ತೆ. ಶೀಟಿನ ಕೊಟ್ಟಿಗೆ, ಗೋಡೌನ್ ಇದ್ರೆ ಅದೂ ಒಳ್ಳೇದು.

ಹಂಚಿನ ಮಾಡಿನ ಮೇಲೆ ಆಗೋದೇ ಇಲ್ವಾ ಅಂದ್ರೆ ಆಗತ್ತೆ, ಆದ್ರೆ ಹಂಚಿನ ಮೇಲೆ ಭಾರ ಬೀಳೋ ಹಾಗಿಲ್ಲ. ಹಂಚು ಸರಿಸಿ ಕೆಳಗಿನ ಪಕಾಸಿಗೆ ಕಬ್ಬಿಣದ ಹುಕ್ ಹಾಕಿ ಅದ್ರ ಮೇಲೆ ರೈಲ್ ಕೂರಿಸ್ಬೇಕು. 540 ವ್ಯಾಟಿನ ಒಂದು ಪ್ಯಾನೆಲ್ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ತೂಕ 28 ಕೆಜಿ ಆಸುಪಾಸು. ಹುಳ ಹಿಡಿದ ಪಕಾಸಿ ಮೇಲೆ ಇಂಥ ಆರು ಪ್ಯಾನೆಲ್ ಏರಿಸೋಕೆ ಹೋಗಬೇಡಿ, ತೂಕಕ್ಕಿಂತ ಗಾಳಿ ಎತ್ತೋದೇ ಹೆಚ್ಚು ಅಪಾಯ. ಇನ್ನೊಂದು, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹಂಚು ಕೈಯಾಡಿಸ್ತೀರಲ್ಲ, ಪ್ಯಾನೆಲ್ ಅಡಿಯ ಹಂಚು ಒಡೆದ್ರೆ ಏನ್ ಮಾಡ್ತೀರಿ?

ಪ್ರಶ್ನೆ: ಹೊಸನಗರದ ಕಡೆಯವರು ನಾವು. ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನ ಮುಖಾನೇ ಕಾಣಲ್ಲ. ಆಗ ಪ್ಯಾನೆಲ್ ಕೆಲ್ಸ ಮಾಡತ್ತಾ? ಪಾಚಿ ಕಟ್ಟಿದ್ರೆ ಏನ್ ಮಾಡೋದು?

ಮಾಡತ್ತೆ, ಕಮ್ಮಿ. ನೇರ ಬಿಸಿಲು ಇಲ್ದಿದ್ರೂ ಮೋಡದ ಬೆಳಕಿಗೆ ಸ್ವಲ್ಪ ಬರತ್ತೆ. ವರ್ಷದ ಸರಾಸರಿ 1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಅಂತ ಎಲ್ರೂ ಹೇಳೋದು ಬಯಲುಸೀಮೆ ಲೆಕ್ಕ. ನಮ್ಮಲ್ಲಿ ಮಾರ್ಚಲ್ಲಿ ಅದಕ್ಕಿಂತ ಜಾಸ್ತೀನೂ ಬರಬಹುದು, ಜಡಿಮಳೆ ದಿನ 1 ಯೂನಿಟ್ ಬಂದ್ರೆ ದೊಡ್ಡದು. ಆನ್‌ಗ್ರಿಡ್‌ನೋರಿಗೆ ಇದು ಅಷ್ಟು ನೋವಲ್ಲ, ವರ್ಷದ ಒಟ್ಟು ಲೆಕ್ಕದಲ್ಲಿ ಸ್ವಲ್ಪ ಕಮ್ಮಿ ಆಯ್ತು ಅಷ್ಟೇ. ಬ್ಯಾಟರಿ ನಂಬಿರೋರಿಗೆ ಮಾತ್ರ ನಿಜವಾದ ಪರೀಕ್ಷೆ ಆಗಲೇ.

ಆದ್ರೆ ಸೂರ್ಯ ಇಲ್ಲದ ಕಾಲದಲ್ಲಿ ನಿಮ್ಮ ಹತ್ರ ಇನ್ನೊಂದಿದೆ, ಹಳ್ಳ. ಮಲೆನಾಡಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಧರೆ ಮೇಲಿಂದ ಪೈಪ್ ಹಾಕಿ ಸಣ್ಣ ಟರ್ಬೈನ್ ತಿರುಗಿಸಿ ಕರೆಂಟ್ ಮಾಡ್ಕೊಂಡಿದಾರೆ, ಪಿಕೋ ಹೈಡ್ರೋ ಅಂತಾರೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದ್ರೆ ನಷ್ಟ ಎಲ್ಲಾ ಕಳೆದೂ 1 ಕಿಲೋವ್ಯಾಟ್ ಹತ್ರ ಸಿಗತ್ತೆ, ಅದೂ ಹಗಲೂ ರಾತ್ರಿ, ದಿನಕ್ಕೆ 20 ಯೂನಿಟ್ ಮೇಲೆ. ಅಷ್ಟು ಕೊಡೋಕೆ ಮಳೆಗಾಲದಲ್ಲಿ ಮನೆ ತುಂಬಾ ಪ್ಯಾನೆಲ್ ಹಾಕಿದ್ರೂ ಆಗಲ್ಲ. ನೀರು ಸಾಲದ ಜನವರಿ ಹೊತ್ತಿಗೆ ಬಿಸಿಲು ಬಂದಿರತ್ತೆ. ಸೋಲಾರು, ಹಳ್ಳ ಎರಡೂ ಸೇರಿದ್ರೆ ನಮ್ಮ ಕಡೆಗೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮನೆ ಹಿಂದೆ ವರ್ಷದಲ್ಲಿ ಆರು ತಿಂಗಳು ಹರಿಯೋ ಹಳ್ಳ ಇರೋರು ಸೋಲಾರ್ ಕೊಟೇಶನ್ ಕೇಳೋ ಮೊದ್ಲು ಅದನ್ನ ಅಳತೆ ಮಾಡಿಸಿ.

ಪಾಚಿ ಬಗ್ಗೇನೂ ಕೇಳಿದ್ರಿ. ಮಳೆ ತೊಳಿಯತ್ತೆ ಅಂತ ಬಿಡಬೇಡಿ. ಧೂಳು ತೊಳಿಯತ್ತೆ ನಿಜ, ಆದ್ರೆ ಪ್ಯಾನೆಲ್ಲಿನ ಕೆಳ ಅಂಚಲ್ಲಿ ಫ್ರೇಮಿಗೆ ತಾಗಿ ನೀರು ನಿಂತು ಹಸಿರು ಪಟ್ಟಿ ಕಟ್ಟತ್ತೆ, ಎರಡು ಬೆರಳಗಲ ಅಷ್ಟೇ ಇರತ್ತೆ, ಆದ್ರೆ ಅದು ಕೊನೇ ಸಾಲಿನ ಸೆಲ್ ಮೇಲೇ ಕೂತಿರತ್ತೆ, ನೆರಳಿನ ಕಥೇನೇ ಇಲ್ಲೂ. ಪ್ಯಾನೆಲ್ಲನ್ನ 15 ಡಿಗ್ರಿ ಆದ್ರೂ ಓರೆ ಇಡ್ಸಿ, ನೀರು ಇಳಿದು ಹೋಗತ್ತೆ. ಮೆತ್ತನೆ ಬಟ್ಟೆ ಅಥ್ವಾ ಸ್ಪಂಜು, ಬರೀ ನೀರು, ಬೆಳಿಗ್ಗೆ ಪ್ಯಾನೆಲ್ ತಣ್ಣಗಿದ್ದಾಗ. ತೆಂಗಿನ ನಾರು, ಸ್ಟೀಲ್ ಉಜ್ಜೋದು, ಸೋಪಿನ ಪುಡಿ ಬೇಡ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯೋವಾಗ ಪ್ಯಾನೆಲ್ ಮೇಲೆ ಹಾರಿ ಬಿದ್ರೆ ಅವತ್ತೇ ತೊಳೆದುಬಿಡಿ, ಸುಣ್ಣ ಒಣಗಿದ್ರೆ ಹೋಗೋದು ಕಷ್ಟ.

ಪ್ರಶ್ನೆ: ಅಡಿಕೆ ಸುಲಿಯೋ ಯಂತ್ರದ ಶೆಡ್ ಇದೆ, ತ್ರೀ ಫೇಸ್ ಮೀಟರ್. ನನ್ನ ತಮ್ಮಂದು ಶಿವಮೊಗ್ಗದಲ್ಲಿ ಬೇಕರಿ. ಇಬ್ರೂ ಸೋಲಾರ್ ಹಾಕ್ಸೋಣ ಅಂತಿದೀವಿ, ಸಬ್ಸಿಡಿ ಇದೆಯಾ?

ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ವ್ಯಾಪಾರದ ಮೀಟರ್‌ಗೆ ಇಲ್ಲ. ಆದ್ರೂ ನಿಮ್ಮ ತಮ್ಮನಿಗೆ ಹಾಕ್ಸಿ ಅಂತೀನಿ, ನಿಮಗೆ ತಡೀರಿ ಅಂತೀನಿ.

ಬೇಕರೀಲಿ ಫ್ರೀಜರು, ಕೂಲರು, ಮಿಕ್ಸರು ವರ್ಷ ಪೂರ್ತಿ ಹಗಲು ಓಡತ್ತೆ, ಸೋಲಾರ್ ಕರೆಂಟ್ ಹುಟ್ಟಿದ ಹೊತ್ತಿಗೇ ಖರ್ಚಾಗತ್ತೆ, ವ್ಯಾಪಾರದ ರೇಟಿನ ಯೂನಿಟ್ ಉಳಿಯತ್ತೆ. ಆದಾಯ ತೆರಿಗೆ ಕಟ್ಟೋರಾದ್ರೆ ಸೋಲಾರ್ ಸಾಮಾನಿನ ಮೇಲೆ ವರ್ಷಕ್ಕೆ 40 ಪರ್ಸೆಂಟ್ ಸವಕಳಿ ತೋರಿಸಬಹುದು, ಆಡಿಟರ್ ಹತ್ರ ಮಾತಾಡಿ. ಪ್ಯಾನೆಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಹಳೇ ಕೊಟೇಶನ್ ಹಿಡ್ಕೊಂಡು ಯಾರಾದ್ರೂ ಬಂದ್ರೆ ಅದನ್ನ ನೋಡ್ಕೊಳಿ.

ನಿಮ್ಮ ಸುಲಿಯೋ ಶೆಡ್ ಓಡೋದು ಸುಗ್ಗೀಲಿ ನಾಕೈದು ತಿಂಗಳು. ಉಳಿದ ತಿಂಗಳು ಹುಟ್ಟಿದ ಕರೆಂಟೆಲ್ಲ ಲೈನಿಗೆ ಹೋಗತ್ತೆ, ಹೀಗೆ ಮಿಕ್ಕಿದ ಯೂನಿಟ್‌ಗೆ ಸಿಗೋ ರೇಟು ನೀವು ಕೊಡೋ ರೇಟಿಗಿಂತ ಕಮ್ಮಿ. ಅದೂ ಹಳ್ಳಿ ಲೈನು, ಆವಾಗವಾಗ ಕಟ್. ಶೆಡ್ ಪಕ್ಕದಲ್ಲೇ ಮನೆ ಇದ್ದು ಅಲ್ಲಿ ಬಿಲ್ ಜಾಸ್ತಿ ಬರ್ತಿದ್ರೆ ಮನೆ ಮೀಟರ್‌ಗೆ ಹಾಕ್ಸಿ, ಪ್ಯಾನೆಲ್ಲನ್ನ ಶೆಡ್ ಮೇಲೆ ಕೂರ್ಸಬಹುದಾ ಅಂತ ಮೆಸ್ಕಾಂ ಸೆಕ್ಷನ್ ಆಫೀಸಲ್ಲಿ ಮೊದಲು ವಿಚಾರಿಸಿ.

ಪ್ರಶ್ನೆ: ಎರಡು ಕೊಟೇಶನ್ ಬಂದಿದೆ, ಇಪ್ಪತ್ತೈದು ಸಾವಿರ ವ್ಯತ್ಯಾಸ. ಎರಡ್ರಲ್ಲೂ 3 ಕಿಲೋವ್ಯಾಟ್ ಅಂತಾನೇ ಇದೆ. ಏನು ನೋಡಬೇಕು? ಸಿಡಿಲಿನ ಭಯ ಬೇರೆ.

ಮೊದ್ಲು ಪ್ಯಾನೆಲ್ ಡಿಸಿಆರ್ ಹೌದೋ ಅಲ್ವೋ ನೋಡಿ. ಸೆಲ್ಲೂ ಪ್ಯಾನೆಲ್ಲೂ ಎರಡೂ ನಮ್ಮ ದೇಶದಲ್ಲೇ ಆಗಿರಬೇಕು ಅನ್ನೋದು ಅದರರ್ಥ, ಅದಿಲ್ದಿದ್ರೆ ಸಬ್ಸಿಡಿ ಇಲ್ಲ. ಅಗ್ಗದ ಕೊಟೇಶನ್‌ನಲ್ಲಿ ಡಿಸಿಆರ್ ಅಲ್ಲದ್ದು ಬರ್ದಿದ್ರೆ ಇಪ್ಪತ್ತೈದು ಸಾವಿರ ಉಳ್ಸೋಕೆ ಹೋಗಿ ಎಪ್ಪತ್ತೆಂಟು ಸಾವಿರ ಕಳ್ಕೊಂಡ ಹಾಗೆ. ಮೋನೋ ಪರ್ಕಾ ಟಾಪ್‌ಕಾನಾ ಅಂತ ತುಂಬಾ ಜನ ತಲೆ ಕೆಡಿಸ್ಕೋತಾರೆ, ಎರಡೂ ಪ್ಯಾನೆಲ್ ಸೆಲ್ಲಿನ ಬಗೆಗಳು. ಟಾಪ್‌ಕಾನ್ ಬಿಸಿಗೆ ಸ್ವಲ್ಪ ಕಮ್ಮಿ ಸೋಲತ್ತೆ, ವರ್ಷದಿಂದ ವರ್ಷಕ್ಕೆ ಕಳ್ಕೊಳೋದೂ ಕಮ್ಮಿ, ರೇಟ್ ಹತ್ತಿರ ಹತ್ತಿರ ಇದ್ರೆ ಅದನ್ನೇ ತಗೊಳಿ. ಆದ್ರೆ ಮಲೆನಾಡಲ್ಲಿ ಪ್ಯಾನೆಲ್‌ಗಿಂತ ಮೊದ್ಲು ತುಕ್ಕು ಹಿಡಿಯೋದು ಸ್ಟ್ರಕ್ಚರ್. ಹಾಟ್ ಡಿಪ್ ಗ್ಯಾಲ್ವನೈಸ್ಡ್ ಅಂತ ಕೊಟೇಶನ್‌ನಲ್ಲಿ ಬರೆಸ್ಕೊಳಿ, ನಟ್ಟು ಬೋಲ್ಟು ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಸಾದಾ ಕಬ್ಬಿಣಕ್ಕೆ ಬಣ್ಣ ಹೊಡೆದು ತಂದ್ರೆ ವಾಪಸ್ ಕಳಿಸಿ, ಅದರಲ್ಲೂ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಎರಡು ಮಳೆಗಾಲಕ್ಕೆ ಪದರ ಪದರವಾಗಿ ಏಳತ್ತೆ. ಕೇಬಲ್ ಪೂರ್ತಿ ಪೈಪಿನ ಒಳಗೆ ಹೋಗ್ಲಿ, ಇಲಿ, ಅಳಿಲು ಕಡೀದೆ ಬಿಡಲ್ಲ.

ಸಿಡಿಲಿನ ಭಯ ಇರಲೇಬೇಕು, ಏಪ್ರಿಲ್ ಮೇ ಗುಡುಗು ನಿಮಗೆ ಹೇಳ್ಕೊಡಬೇಕಾ. ಅರ್ಥಿಂಗ್ ಮೂರು ಗುಂಡಿ ಬೇಕು: ಪ್ಯಾನೆಲ್ ಕಡೆಗೆ ಒಂದು, ಇನ್ವರ್ಟರ್ ಎಸಿ ಕಡೆಗೆ ಒಂದು, ಸಿಡಿಲು ತಡೆಯೋ ಅರೆಸ್ಟರ್‌ಗೆ ಒಂದು. ಅರೆಸ್ಟರ್ ತಂತಿ ಬೇರೆ ಯಾವುದ್ರ ಜೊತೆಗೂ ಸೇರದ ಹಾಗೆ ನೇರ ತನ್ನ ಗುಂಡಿಗೇ ಇಳೀಬೇಕು. ಎರಡೂ ಕಡೆ ಎಸ್‌ಪಿಡಿ ಇರಬೇಕು, ಅದು ಸಿಡಿಲಿನ ಹೊಡೆತಕ್ಕೆ ಉಕ್ಕೋ ವೋಲ್ಟೇಜನ್ನ ಭೂಮಿಗೆ ದಾಟಿಸೋ ಸಣ್ಣ ಡಬ್ಬಿ, ಹಸಿರು ಕಿಂಡಿ ಕೆಂಪಾದ್ರೆ ಬದಲಾಯಿಸ್ಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೇಲಿ ಒಣಗಿ ಕಲ್ಲಾಗಿರತ್ತೆ, ಅರ್ಥಿಂಗ್ ಸರಿಯಾಗಿ ಹಿಡಿಯಲ್ಲ, ಸಿಡಿಲು ಬರೋದೂ ಅದೇ ಹೊತ್ತಿಗೆ. ಹಾಗಾಗಿ ಮೀಟರ್ ಇಟ್ಟು ಅಳೆದು 5 ಓಮ್ ಒಳಗೆ ಬಂದಿದೆ ಅಂತ ತೋರಿಸಿ ಅನ್ನಿ, ಮಳೆಗಾಲದಲ್ಲಿ ಅಳೆದಿದ್ರೆ ಮಾರ್ಚಲ್ಲಿ ಇನ್ನೊಂದ್ಸಲ ಅಳೆಸಿ.

ದುಡ್ಡು ಪೂರ್ತಿ ಮುಂಗಡ ಕೊಡಬೇಡಿ. ಸೂರ್ಯಘರ್ ಪೋರ್ಟಲ್‌ನಲ್ಲಿ ನಿಮ್ಮ ಕರೆಂಟ್ ಬಿಲ್ ನಂಬರ್ ಹಾಕಿ ನೀವೇ ನೋಂದಣಿ ಮಾಡಿ, ವೆಂಡರ್ ಹೆಸರು ಅಲ್ಲಿನ ಪಟ್ಟೀಲಿದೆಯಾ ನೋಡಿ. ಸಬ್ಸಿಡಿ ಬರೋದು ನಿಮ್ಮ ಬ್ಯಾಂಕ್ ಖಾತೆಗೆ, ಅದೂ ಮೀಟರ್ ಬದಲಾಗಿ ಮೆಸ್ಕಾಂನೋರು ಬಂದು ಪರೀಕ್ಷೆ ಮಾಡಿದ್ಮೇಲೆ. ಈ ಯೋಜನೇಲಿ ವೆಂಡರ್ 5 ವರ್ಷ ನಿರ್ವಹಣೆ ಮಾಡಿಕೊಡಲೇಬೇಕು ಅಂತ ನಿಯಮ ಇದೆ, ಅದಕ್ಕೆ ಬೆಂಗಳೂರಿನ ಫೋನ್ ನಂಬರ್ ಒಂದೇ ಕೊಡೋರಿಗಿಂತ ಶಿವಮೊಗ್ಗದಲ್ಲೋ ಸಾಗರದಲ್ಲೋ ಕೆಲ್ಸದೋರು ಇರೋರನ್ನ ಹಿಡೀರಿ, ಹತ್ತು ಸಾವಿರ ಜಾಸ್ತಿ ಆದ್ರೂ ಪರವಾಗಿಲ್ಲ. ಅವರು ಎರಡು ಮಳೆಗಾಲದ ಹಿಂದೆ ಹಾಕಿದ ಒಂದು ಮನೆ ತೋರಿಸಿ ಅನ್ನಿ, ಹೋಗಿ ಬೋಲ್ಟು ನೋಡಿ, ಮನೆಯೋರ ಹತ್ರ ಇನ್ವರ್ಟರ್ ಆ್ಯಪ್ ತೆಗೆಸಿ ಜುಲೈ ತಿಂಗಳಲ್ಲಿ ಎಷ್ಟು ಯೂನಿಟ್ ಬಂತು ಅಂತ ಕೇಳಿ.

ಪ್ರಶ್ನೆ: ಮಂಗಗಳು ಪ್ಯಾನೆಲ್ ಮೇಲೆ ಹಾರಿದ್ರೆ ಒಡೆಯತ್ತಾ?

ಹಾರಿದ್ದಕ್ಕೆ ಒಡೆಯೋದು ಕಮ್ಮಿ, ಗಾಜು ಆಲಿಕಲ್ಲು ಪರೀಕ್ಷೆ ಪಾಸಾಗಿಯೇ ಬಂದಿರತ್ತೆ. ಮಂಗ ಹಾಳು ಮಾಡೋದು ಕೇಬಲ್‌ನ. ಪ್ಯಾನೆಲ್ ಅಡಿ ಜೋತಾಡೋ ವೈರು, ಕನೆಕ್ಟರ್ ಎಳೆದು ಬಿಚ್ಚಿ ಹಾಕತ್ತೆ, ಹಾಗೆ ಅರ್ಧ ಬಿಚ್ಚಿದ ಕನೆಕ್ಟರಲ್ಲಿ ಕಿಡಿ ಹಾರಿ ಬೆಂಕಿ ಹತ್ತೋದೂ ಉಂಟು. ವೈರೆಲ್ಲ ಫ್ರೇಮಿಗೆ ಬಿಗಿಯಾಗಿ ಕಟ್ಟಿಸಿ, ಸುತ್ತ ಜಾಲರಿ ಹೊಡೆಸಿ. ತೆಂಗಿನ ಮರದ ಕೆಳಗೆ ಮಾತ್ರ ಯಾವತ್ತೂ ಇಡಬೇಡಿ, ಕಾಯಿ ಬಿದ್ರೆ ಯಾವ ಗಾಜೂ ನಿಲ್ಲಲ್ಲ, ಗಾಜು ಒಡೆದಿದ್ದಕ್ಕೆ ವಾರಂಟೀನೂ ಬರಲ್ಲ.